ಖಾಲಿ ಗಾಡಿ ನಡುಗುವುದಿಲ್ಲ

"ಗಾಡಿಗೆ ಎಂತದ್ದೂ ಆಗಲಿಲ್ಲ ಮಾರಾಯ್ರೆ. ಸರಿಯಾಗಿಯೇ ಉಂಟು."

ಈ ಮಾತು ಕೇಳಿದರೆ ಸಾಮಾನ್ಯವಾಗಿ ಜನರ ಮುಖ ಅರಳುತ್ತದೆ. ಮಡಂತ್ಯಾರು ಪೇಟೆಯ ಕೊನೆಯಲ್ಲಿ, ಗುರುವಾಯನಕೆರೆಗೆ ಹೋಗುವ ರಸ್ತೆಯ ಎಡಕ್ಕಿರುವ ಶಶಿಪ್ರಭಾಳ ವೀಲ್ ಅಲೈನ್‌ಮೆಂಟ್ ಅಂಗಡಿಯಲ್ಲಿ ಇದನ್ನು ಕೇಳಿ ಕೈಮುಗಿದು ಹೋದವರೂ ಇದ್ದಾರೆ. ಆದರೆ ಎದುರಿಗೆ ನಿಂತ ಈ ಮನುಷ್ಯನ ಮುಖದಿಂದ ಬಣ್ಣವೇ ಇಳಿದುಹೋಯಿತು.

"ಇನ್ನೊಮ್ಮೆ ನೋಡುವ ಮೇಡಂ," ಅಂದ. "ಸ್ಪೀಡು ಎಪ್ಪತ್ತರ ಹತ್ತಿರ ಬಂದ್ರೆ ನಡುಗ್ತದೆ. ಅಡಿಯಿಂದ ಬರುವ ನಡುಕ. ಚಳಿಜ್ವರ ಬಂದವರ ಹಲ್ಲು ಕಟಕಟ ಅನ್ನುವ ಹಾಗೆ."

"ಈಗಷ್ಟೇ ಒಟ್ಟಿಗೆ ಪುಂಜಾಲಕಟ್ಟೆವರೆಗೆ ಹೋಗಿ ಬಂದೆವಲ್ಲ. ಎಪ್ಪತ್ತಕ್ಕೂ ಹೋಯ್ತು, ಎಂಬತ್ತಕ್ಕೂ ಹೋಯ್ತು. ನಿಮಗೆ ನಡುಗಿತಾ?"

ಅವನು ಗಾಡಿಯ ಬಾಗಿಲಿನ ಮೇಲೆ ಕೈಯಿಟ್ಟ.

"ಇಲ್ಲ."

"ಮತ್ತೆ?"

"ಹಾಗಾದರೆ ಅದು ನನ್ನ ಮಂಡೆಯ ಒಳಗೇ ಇರಬೇಕು," ಎಂದು ನಕ್ಕ. ನಗು ತುಟಿಯವರೆಗೆ ಬಂದು ಅಲ್ಲಿಯೇ ನಿಂತಿತು.

ಅವನು ಲೋಕನಾಥ. ಊರಿನ ಯುವಕರ ಸಂಘವೊಂದು ನಡೆಸುವ ಆಂಬ್ಯುಲೆನ್ಸಿನ ಡ್ರೈವರ್. ನಲುವತ್ತಕ್ಕೆ ಇನ್ನೂ ದೂರವಿದ್ದರೂ ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಅವನನ್ನು ಲೋಕಣ್ಣ ಎಂದು ಕರೆಯದವರಿಲ್ಲ. ಅವನ ಗಾಡಿಯಲ್ಲಿ ಒಮ್ಮೆಯಾದರೂ ಕೂತು ಅಳದ ಮನೆಯೂ ಆ ರಸ್ತೆಯಲ್ಲಿ ಕಡಿಮೆಯೇ.

ಶಶಿಪ್ರಭಾ ಶಬ್ದ ಹಿಡಿಯುವವಳು. ಅಣ್ಣ ಬಹರೈನಿಗೆ ಹೋಗುವಾಗ ಅಂಗಡಿಯ ಬೀಗದ ಕೈ ಕೊಟ್ಟು, "ಯಾರಾದರೂ ಕೊಳ್ಳುವವರು ಬರುವ ತನಕ ನೋಡ್ಕೊ," ಅಂದಿದ್ದ. ಕೊಳ್ಳುವವರು ಬಂದರು, ಅವಳು ಕೊಡಲಿಲ್ಲ. ಗಾಡಿಗಳ ಗೊರಗೊರ, ಕಿರಕಿರ, ಗುಂಯ್ ಎನ್ನುವ ಸದ್ದುಗಳನ್ನು ಕೇಳಿ ಕೇಳಿಯೇ ಕಲಿತಳು. ಈಗ ಮೂಡುಬಿದಿರೆಯಿಂದ, ಮಿಜಾರಿನಿಂದ ಕೂಡ ಜನ ಕಾರು ತರುತ್ತಾರೆ. ಹಿಂದಿನ ಸೀಟಿನಲ್ಲಿ ಏನೋ ಸೇರಿಕೊಂಡಿದೆ ಎಂದು ಹೆದರಿ ಬಂದವರೊಬ್ಬರ ಕಾರಿನಿಂದ ಅವಳು ಹೊರಗೆ ತೆಗೆದದ್ದು ಸೀಟಿನಡಿ ಉರುಳುತ್ತಿದ್ದ ಪೂಜೆಯ ತೆಂಗಿನಕಾಯಿ.

ಅವಳ ಪ್ರಕಾರ ಈ ಕೆಲಸದಲ್ಲಿ ಅರ್ಧ ಪಾಲು ಕಿವಿಯದ್ದು, ಅರ್ಧ ಪಾಲು ಮನುಷ್ಯರನ್ನು ಮಾತಾಡಿಸುವುದು. ಬ್ರೇಕ್ ಒತ್ತಿದಾಗ ಬರುತ್ತದೋ, ತಿರುಗಿಸಿದಾಗ ಬರುತ್ತದೋ, ಗೇರ್ ತೆಗೆದು ಉರುಳಲು ಬಿಟ್ಟರೂ ನಿಲ್ಲುವುದಿಲ್ಲವೋ? ಕೇಳುತ್ತ ಹೋದರೆ ಗಾಡಿಯ ರೋಗ ಗಿರಾಕಿಯ ಬಾಯಿಂದಲೇ ಹೊರಗೆ ಬರುತ್ತದೆ. ಲೋಕನಾಥ ಮಾತ್ರ ಎಲ್ಲ ಪ್ರಶ್ನೆಗೂ ಸರಿಯಾದ ಉತ್ತರ ಕೊಟ್ಟಿದ್ದ, ಗಾಡಿ ಏನೂ ಹೇಳಿರಲಿಲ್ಲ.

ಅವನು ಹೊರಟ ಮೇಲೆ ಪಕ್ಕದ ಹಾರ್ಡ್‌ವೇರ್ ಅಂಗಡಿಯ ಬಾವಾ ಬಂದು ಅವಳ ಕುರ್ಚಿಯಲ್ಲಿ ಕೂತ.

"ಎಂತ ಹೇಳಿದ ಲೋಕಣ್ಣ?"

"ಗಾಡಿ ನಡುಗ್ತದಂತೆ. ನನಗೆ ಸಿಗಲಿಲ್ಲ. ಮೂರು ಗ್ಯಾರೇಜಿನವರಿಗೂ ಸಿಗಲಿಲ್ಲವಂತೆ."

ಬಾವಾ ಧ್ವನಿ ತಗ್ಗಿಸಿದ. "ಮೂಸಬ್ಬನ ವಿಷಯ ಗೊತ್ತಿಲ್ವಾ ನಿಮಗೆ?"

ಮೂಸಬ್ಬ ಮನೆಗಳ ಮಾಡಿಗೆ ಶೀಟು ಹಾಕುತ್ತಿದ್ದವ. ಮೊಳೆ, ವಾಷರ್ ಎಲ್ಲ ಬಾವಾನ ಅಂಗಡಿಯಿಂದಲೇ ಒಯ್ಯುತ್ತಿದ್ದ. ಮಳೆಗಾಲ ಮುಗಿದ ಹೊಸತರಲ್ಲಿ ಒಂದು ಮಾಡಿನಿಂದ ಜಾರಿ ಬಿದ್ದ. ಕುತ್ತಿಗೆಗೆ ಪೆಟ್ಟಾಗಿತ್ತು. ಆಂಬ್ಯುಲೆನ್ಸಿಗೆ ಹಾಕುವಾಗ ಕೈಬೆರಳು ಆಡಿಸುತ್ತಿದ್ದನಂತೆ, ಮಗಳ ಹತ್ತಿರ ಮಾತಾಡುತ್ತಿದ್ದನಂತೆ. ಮಂಗಳೂರು ಮುಟ್ಟುವಾಗ ಬೆರಳು ನಿಂತಿತ್ತು. ಆಸ್ಪತ್ರೆಯಲ್ಲಿ ಒಂದು ವಾರ ಕೂಡ ಇರಲಿಲ್ಲ.

"ಆ ದಿನ ಗಾಡಿ ನಡುಗಿತ್ತು, ಅಂಥ ಕುತ್ತಿಗೆಯವನನ್ನು ನಾನು ಅಲ್ಲಾಡಿಸಿಕೊಂಡು ಹೋದೆ ಅಂತ ಇವ ಹೇಳುದು," ಅಂದ ಬಾವಾ. "ಸಂಘದವರು ಹೇಳುದು, ಗಾಡಿ ಸರಿಯುಂಟು, ಇವನ ತಲೆ ಹಾಳಾಗಿದೆ ಅಂತ. ಈಗ ರೋಗಿಯನ್ನು ಹಾಕಿದ್ರೆ ಇವ ಐವತ್ತರ ಮೇಲೆ ಹೋಗುದೇ ಇಲ್ಲ. ಜನ ಬೈತಾರೆ. ಬೇರೆ ಡ್ರೈವರನ್ನು ಹುಡುಕ್ತಾ ಇದ್ದಾರೆ."

ಶಶಿಪ್ರಭಾಳಿಗೆ ಲೋಕನಾಥನ ನಕ್ಕ ಆ ತುಟಿ, ನಗದ ಆ ಕಣ್ಣು ನೆನಪಾಯಿತು.

"ಇನ್ನೊಂದು ವಿಷಯ," ಎದ್ದು ನಿಂತ ಬಾವಾ ಹೇಳಿದ. "ಊರಿಡೀ ಅವನಿಗೆ ಲೋಕಣ್ಣ ಅನ್ನುತ್ತದೆ. ನೀವು ಮಾತ್ರ 'ಅಣ್ಣ' ಸೇರಿಸಲಿಲ್ಲ. ನಾನು ಆಚೆ ಮೊಳೆ ತೂಗ್ತಾ ಕೇಳಿದ್ದೇನೆ."

"ಮೊಳೆ ಸರಿಯಾಗಿ ತೂಗಿ ಬಾವಾ. ಗಿರಾಕಿಗೆ ಮೋಸ ಆಗ್ತದೆ."

ಎರಡು ದಿನ ಅವಳಿಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮೂರನೆಯ ದಿನ ಬಾವಾನ ಪಿಕಪ್ಪಿಗೆ ಸಿಮೆಂಟು ತುಂಬುತ್ತಿದ್ದರು. ಒಂದೊಂದು ಗೋಣಿ ಬಿದ್ದಾಗಲೂ ಗಾಡಿಯ ಹಿಂಭಾಗ ಒಂದೊಂದು ಬೆರಳು ತಗ್ಗುತ್ತಿತ್ತು, ಮೂತಿ ಮೇಲೇಳುತ್ತಿತ್ತು. ಶಶಿಪ್ರಭಾ ಕೈಯಲ್ಲಿದ್ದ ಟಯರನ್ನು ಹಾಗೆಯೇ ಬಿಟ್ಟಳು. ಅದು ಉರುಳಿ ರಸ್ತೆಯ ಅಂಚಿಗೆ ಹೋಗಿ ಮಲಗಿತು.

ಮೂರು ಗ್ಯಾರೇಜಿನವರು ಓಡಿಸಿ ನೋಡಿದ್ದು ಖಾಲಿ ಗಾಡಿಯನ್ನು. ಅವಳು ನೋಡಿದ್ದೂ ಖಾಲಿ ಗಾಡಿಯನ್ನೇ. ಆಂಬ್ಯುಲೆನ್ಸಿನ ಹಿಂದೆ ಸುಮ್ಮನೆ ಹತ್ತಿ ಕೂರುವವರು ಈ ಊರಿನಲ್ಲಿ ಯಾರು? ಜೀವ ಗಟ್ಟಿ ಇರುವವರು ಅದರ ಸ್ಟ್ರೆಚರನ್ನು ಮುಟ್ಟಿದರೂ ಅಪಶಕುನ. ಹಾಗಾಗಿ ರೋಗಿ, ಮೂರು ನಾಲ್ಕು ಮಂದಿ ಮನೆಯವರು, ಆಕ್ಸಿಜನ್ ಸಿಲಿಂಡರ್ ಎಲ್ಲ ಇದ್ದಾಗ ಆ ಗಾಡಿ ಹೇಗಿರುತ್ತದೆಂದು ತಿಳಿದಿದ್ದದ್ದು ಒಬ್ಬನಿಗೇ. ಅವನನ್ನು ಊರು ಹುಚ್ಚ ಅಂದಿತ್ತು.

ಫೋನ್ ಮಾಡಿದಳು. "ಗಾಡಿ ತನ್ನಿ."

"ಸಿಕ್ಕಿತಾ?"

"ಸಿಗಲಿಲ್ಲ. ಹುಡುಕುವ. ನನಗೆ ನಿಮ್ಮ ರೋಗಿ ಆಗ್ಬೇಕು."

*

ಕೂರುವ ಬೆಂಚಿನ ಮೇಲೆ ಬಾವಾನ ನಾಲ್ಕು ಸಿಮೆಂಟು ಗೋಣಿ ಏರಿದವು. ಆಮೇಲೆ ಶಶಿಪ್ರಭಾ ಚಪ್ಪಲಿ ಕಳಚಿಟ್ಟು ಹತ್ತಿ, ಸ್ಟ್ರೆಚರಿನ ಮೇಲೆ ಅಂಗಾತ ಮಲಗಿದಳು.

ಬಾವಾ ಓಡಿ ಬಂದ. "ಇಳಿಯಿರಿ ಶಶಿಯಕ್ಕ! ಅದರ ಮೇಲೆ ಸುಮ್ಮನೆ ಮಲಗುದಾ? ಇನ್ನೂ ಎರಡು ಗೋಣಿ ಕೊಡ್ತೇನೆ, ಪುಕ್ಕಟೆ!"

"ಗೋಣಿಗೆ ನಡುಕ ಗೊತ್ತಾಗ್ತದಾ ಬಾವಾ? ಗೊತ್ತಾದ್ರೂ ಅದು ನನಗೆ ಬಂದು ಹೇಳ್ತದಾ?"

"ನಿಮ್ಮ ಅಮ್ಮನಿಗೆ ಗೊತ್ತಾದ್ರೆ?"

"ಗೊತ್ತಾಗಿದೆ. ತಲೆಗೆ ಸ್ನಾನ ಮಾಡದೆ ಒಳಗೆ ಬರಬೇಡ ಅಂದಿದ್ದಾರೆ."

ಲೋಕನಾಥ ಬೆಲ್ಟು ಕಟ್ಟಲು ಬಾಗಿದ. ಎಷ್ಟು ಜನರಿಗೆ ಕಟ್ಟಿದ ಕೈ ಅದು! ಆದರೂ ಬಕಲ್ ಕೂರಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದ, ಜಾರಿತು. ಅವಳು ಕೆಳಗಿನಿಂದ ಅವನ ಗಲ್ಲವನ್ನೂ, ಬೆಳಗ್ಗೆ ಅವಸರದಲ್ಲಿ ಕ್ಷೌರ ಮಾಡಿಕೊಂಡ ಗಾಯವನ್ನೂ ನೋಡುತ್ತಿದ್ದಳು.

"ಕಂಪ್ಲೇಂಟ್ ಸಿಕ್ಕಿತು," ಅಂದಳು. "ನಡುಗುವುದು ಗಾಡಿ ಅಲ್ಲ, ಡ್ರೈವರನ ಕೈ."

"ನಗುವವರಿಗೆ ಬೆಲ್ಟು ಕಟ್ಟಿ ನನಗೆ ಅಭ್ಯಾಸ ಇಲ್ಲ ಮೇಡಂ."

ಅದನ್ನು ಅವನು ಬಕಲನ್ನೇ ನೋಡುತ್ತ ಹೇಳಿದ. ಅವನ ಕಿವಿ ಕೆಂಪಾಗಿತ್ತು. ಅವಳು ಮಾಡಿನ ಕಡೆಗೆ ಕಣ್ಣು ತಿರುಗಿಸಿದಳು.

"ಮೊದಲು ರೋಗಿ ಇರುವಾಗ ಹೇಗೆ ಓಡಿಸ್ತಿದ್ರೋ ಹಾಗೆಯೇ ಓಡಿಸಿ. ಎಪ್ಪತ್ತು ಮುಟ್ಟಬೇಕು."

"ಹಾಗಾದರೆ ಮಾತಾಡಬೇಕಾಗ್ತದೆ."

"ಯಾರ ಹತ್ತಿರ?"

"ರೋಗಿಯ ಹತ್ತಿರ."

ಗಾಡಿ ಹೊರಟಿತು. ಡ್ರೈವರನ ಹಿಂದಿನ ಸಣ್ಣ ಕಿಟಕಿಯಿಂದ ಅವನ ಧ್ವನಿ ಬಂತು. ಅಂಗಡಿಯಲ್ಲಿ ತಡವರಿಸುವ ಧ್ವನಿಯಲ್ಲ, ಬೇರೆಯೇ ಒಂದು. ಮಗುವಿನ ಹಣೆಯ ಮೇಲೆ ಕೈಯಿಟ್ಟು ಮಾತಾಡುವವರ ಧ್ವನಿ.

"ಹೆದರಬೇಡಿ. ನಾನು ಲೋಕನಾಥ. ಮಡಂತ್ಯಾರು ಬಿಟ್ಟೆವು ಈಗ. ರಸ್ತೆ ಅಗಲ ಮಾಡ್ತಾ ಇದ್ದಾರೆ, ಸ್ವಲ್ಪ ಧೂಳುಂಟು. ಇನ್ನು ಒಂದು ತಿರುವು ಬರ್ತದೆ, ಎಡಕ್ಕೆ ವಾಲುತ್ತದೆ, ಬೀಳುವ ಹಾಗೆ ಅನಿಸ್ತದೆ, ಬೀಳುದಿಲ್ಲ. ... ಇದು ಪುಂಜಾಲಕಟ್ಟೆ. ಶಾಲೆ ಬಿಟ್ಟಿದೆ, ಮಕ್ಕಳು ದಾಟ್ತಾ ಇದ್ದಾರೆ, ಅದಕ್ಕೆ ನಿಧಾನ."

ಮಲಗಿದವಳಿಗೆ ಕಾಣುವುದು ಗಾಡಿಯ ಬಿಳಿ ಮಾಡು ಮಾತ್ರ. ಕಿಟಕಿಯ ಗಾಜಿಗೆ ಬಣ್ಣ ಬಳಿದಿತ್ತು. ಎಲ್ಲಿದ್ದೇವೆ, ಎಲ್ಲಿಗೆ ಹೋಗುತ್ತಿದ್ದೇವೆ ಎಂದು ತಿಳಿಯಲು ಆ ಧ್ವನಿಯೊಂದೇ ದಾರಿ.

"ಊರಿನ ಹೆಸರು ಯಾಕೆ ಹೇಳುದು ಅವರಿಗೆ?" ಅವಳು ಕೂಗಿ ಕೇಳಿದಳು.

"ಎಲ್ಲಿ ಮುಟ್ಟಿದೆವು ಅಂತ ಗೊತ್ತಿದ್ರೆ ಮನುಷ್ಯ ಸ್ವಲ್ಪ ಗಟ್ಟಿ ಹಿಡ್ಕೊಳ್ತಾನೆ," ಅಂದ. ಅವಳು ತಲೆ ಹೊರಳಿಸಿದಳು; ಸಣ್ಣ ಕಿಟಕಿಯಾಚೆಯ ಕನ್ನಡಿಯಲ್ಲಿ ಅವನ ಕಣ್ಣು ಅವಳನ್ನು ಹುಡುಕಿ ಹಿಡಿಯಿತು. "ನೀವು ಗಟ್ಟಿ ಇದ್ದೀರಾ?"

"ಇದ್ದೇನೆ."

"ಹಾಗೆಯೇ ಇರಿ."

ಇಷ್ಟು ಸಣ್ಣ ಮಾತಿಗೆ ಎದೆಯಲ್ಲಿ ಏನೋ ಜಾಗ ಬದಲಿಸಿದ್ದನ್ನು ಅವಳು ಗಮನಿಸಿದಳು. ಮೂವತ್ತನಾಲ್ಕು ವರ್ಷಕ್ಕೆ ಇಷ್ಟು ಸಲೀಸಾಗಿ ಜಾಗ ಬಿಡಬಾರದಿತ್ತು ಅದು. ಆದರೆ ಈ ವಿಷಯ ಯೋಚಿಸಲು ಪುರುಸೊತ್ತು ಸಿಗಲಿಲ್ಲ. ಕಾವಳಕಟ್ಟೆ ದಾಟಿ ಹೊಸ ಕಾಂಕ್ರೀಟು ರಸ್ತೆ ಸಿಕ್ಕಿತು, ವೇಗ ಏರಿತು.

ಮೊದಲು ಹಿಮ್ಮಡಿಗೆ ಬಂತು. ಆಮೇಲೆ ಸೊಂಟ. ಆಮೇಲೆ ತಲೆಯ ಹಿಂಭಾಗ. ಸ್ಟ್ರೆಚರಿನ ಕಂಬಿ ಜಿರ್ ಎಂದು ಹಾಡತೊಡಗಿತು. ಅವಳ ಹಲ್ಲುಗಳು ಒಂದಕ್ಕೊಂದು ತಾಗಿದವು.

"ಗೇರ್ ತೆಗೀರಿ!" ಕಿರುಚಿದಳು. "ಉರುಳಲಿಕ್ಕೆ ಬಿಡಿ!"

ಇಂಜಿನ್ನಿನ ಸದ್ದು ಇಳಿಯಿತು. ನಡುಕ ನಿಲ್ಲಲಿಲ್ಲ. ಇಂಜಿನ್ ಅಲ್ಲ ಹಾಗಾದರೆ. ಬೆಲ್ಟಿನ ಸಂದಿಯಿಂದ ಕೈ ಇಳಿಬಿಟ್ಟು ಅಂಗೈಯನ್ನು ನೆಲಕ್ಕೆ ಒತ್ತಿದಳು. ಚಕ್ರದ ಕಡೆಗೆ ಕಡಿಮೆ, ಗಾಡಿಯ ನಟ್ಟನಡುವೆ ಹೆಚ್ಚು. ಸರಿಯಾಗಿ ಅವಳ ಬೆನ್ನಿನ ಕೆಳಗೆ. ವೇಗ ಅರುವತ್ತಕ್ಕಿಂತ ಇಳಿಯುತ್ತಿದ್ದಂತೆ ಅದು ಬಂದ ಹಾಗೆಯೇ ಹೋಯಿತು.

ಗಟ್ಟಿ ಕುತ್ತಿಗೆಯ ಅವಳಿಗೇ ತಲೆ ಎತ್ತಿಬಿಡುವ ಅನಿಸಿತ್ತು. ಎತ್ತಲಾಗದವನು ಹೇಗೆ ಮಲಗಿದ್ದಿರಬಹುದು?

ಲೋಕನಾಥ ವಗ್ಗದ ಇಳಿಜಾರಿನಲ್ಲಿ ಬದಿಗೆ ನಿಲ್ಲಿಸಿ, ಹಿಂದಿನ ಬಾಗಿಲು ತೆರೆದ. ಕೇಳಲಿಲ್ಲ. ಮುಖವೇ ಕೇಳುತ್ತಿತ್ತು.

"ಉಂಟು," ಅಂದಳು.

ಅವನು ಅಲ್ಲಿಯೇ, ಕೆಂಪು ಧೂಳಿನ ಅಂಚಿನಲ್ಲಿ, ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ಎರಡೂ ಕೈಯಿಂದ ಮುಖ ಒರೆಸಿಕೊಂಡ. "ಉಂಟಲ್ಲ," ಅಂದ. "ಉಂಟಲ್ಲ ಮೇಡಂ. ನನ್ನ ಮಂಡೆ ಸರಿ ಉಂಟು."

"ನಿಮ್ಮ ಮಂಡೆ ಈ ಊರಿನವರ ಮಂಡೆಗಿಂತ ಸರಿ ಉಂಟು. ಈ ಬೆಲ್ಟು ಬಿಚ್ಚಿ ಈಗ."

ಇಳಿಯಲು ಕೈಕೊಟ್ಟ. ಅವಳ ಕಾಲು ನೆಲ ಮುಟ್ಟಿದ ಮೇಲೂ ಕೈ ಅಲ್ಲಿಯೇ ಇತ್ತು. ಇಬ್ಬರೂ ಅದನ್ನು ನೋಡಿದರು. ಬಿಡಿಸಿಕೊಳ್ಳುವ ಕೆಲಸವನ್ನು ಇಬ್ಬರೂ ಇನ್ನೊಬ್ಬರಿಗೆ ಬಿಟ್ಟರು.

ರಸ್ತೆಯಾಚೆ ಬೊಂಡ ಮಾರುವವನ ಬಳಿ ನಿಂತು ಎಳನೀರು ಕುಡಿದರು. ಲೋಕನಾಥ ತನ್ನ ಬಗ್ಗೆ ಒಂದೆರಡು ಮಾತು ಹೇಳಿದ. ಹೆಣ್ಣು ನೋಡಲು ಹೋದಲ್ಲಿ ಕೆಲಸ ಏನೆಂದು ಕೇಳಿ ಚಾ ತಣಿಯುವ ಮೊದಲು ಕಳಿಸಿಬಿಡುತ್ತಿದ್ದದ್ದು, ಆಮೇಲೆ ಹೋಗುವುದನ್ನೇ ಬಿಟ್ಟದ್ದು.

"ಅವರಿಗೆ ಹೆದರಿಕೆ," ಅಂದ. "ಮನೆಯೆದುರು ಆಂಬ್ಯುಲೆನ್ಸ್ ನಿಂತ್ರೆ ಅಳಿಯ ಬಂದನೋ, ಹೆಣ ಬಂತೋ ಅಂತ."

ಅವಳಿಗೆ ನಗು ಬಂದು ಬೊಂಡದ ನೀರು ಗಂಟಲಿಗೆ ಸಿಕ್ಕಿತು. "ನಾನಾದ್ರೆ ಶಬ್ದದಲ್ಲೇ ಗುರ್ತ ಹಿಡಿತೇನೆ," ಅಂದಳು. ಅಂದ ಮೇಲೆ ತಾನು ಏನು ಅಂದೆನೆಂದು ಕೇಳಿಸಿತು. ಅವನಿಗೂ ಕೇಳಿಸಿತ್ತು. ಅವನು ಬೊಂಡವನ್ನು ಎರಡೂ ಕೈಯಲ್ಲಿ ಹಿಡಿದು, ಆಗಲೇ ಖಾಲಿಯಾಗಿದ್ದ ಸ್ಟ್ರಾವನ್ನು ಮತ್ತೊಮ್ಮೆ ಎಳೆದ.

ಹಿಂದೆ ಬರುವಾಗ ಅವಳು ಮುಂದಿನ ಸೀಟಿನಲ್ಲಿದ್ದಳು. ಪುಂಜಾಲಕಟ್ಟೆ ದಾಟಿದ ಮೇಲೆ ಅವನು ಬಹಳ ತಗ್ಗಿದ ದನಿಯಲ್ಲಿ ಹೇಳಿದ.

"ಆ ದಿನ ನಿಧಾನ ಮಾಡಿದ್ರೆ ನಡುಕ ನಿಲ್ತಿತ್ತು. ಹೊತ್ತು ಹೋಗ್ತಿತ್ತು. ಹೊತ್ತು ಹೋದ್ರೆ ಸಾಯ್ತಾನೆ ಅಂತ ನಾನು ಎಪ್ಪತ್ತನ್ನೇ ಹಿಡಿದೆ. ಅದಕ್ಕೆ ಒಂದು ತಿಂಗಳು ಮೊದಲೇ ಸಂಘಕ್ಕೆ ಹೇಳಿದ್ದೆ, ನಡುಕ ಉಂಟು ಅಂತ. ಸರಿಯುಂಟು ಅಂದರು. ಸರಿ ಅಂತ ನಾನೂ ಒಪ್ಪಿದೆ. ಎಲ್ಲರೂ ಹುಚ್ಚ ಅಂದ ಮೇಲೆ ಈಗ ನನ್ನ ನೆನಪನ್ನೇ ನಂಬಲಿಕ್ಕೆ ಆಗುದಿಲ್ಲ. ನನಗೆ ಗೊತ್ತಾಗಬೇಕಾದ್ದು ಒಂದೇ ಮೇಡಂ. ಆ ದಿನ ನಡುಗಿದ್ದು ಹೌದಾ, ಅಥವಾ ಇದು ಆಮೇಲೆ ಸುರುವಾದದ್ದಾ? ಹೆದರಿಕೆಯಲ್ಲಿ ನಾನೇ ಆ ದಿನದ್ದಕ್ಕೆ ಸೇರಿಸಿಕೊಂಡದ್ದಾ? ನಿಮಗೆ ನೋಡಿದ್ರೆ ಗೊತ್ತಾಗ್ತದಾ?"

"ನೋಡುವ," ಅಂದಳು ಶಶಿಪ್ರಭಾ.

ಗೊತ್ತಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

*

ಮರುದಿನ ಬೆಳಗ್ಗೆ ಗಾಡಿಯನ್ನು ಅಂಗಡಿಯ ರಿಪೇರಿ ಗುಂಡಿಯ ಮೇಲೆ ನಿಲ್ಲಿಸಿ, ಕೆಳಗಿಳಿದು ಲೈಟು ಹಿಡಿದಳು. ಇಂಜಿನ್ನಿನ ತಿರುಗುವಿಕೆಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದನೆಯ ಶಾಫ್ಟ್, ನಡುವಿನಲ್ಲಿ ಒಂದು ಬೇರಿಂಗ್, ಬೇರಿಂಗಿನ ಸುತ್ತ ಕೈಮುಷ್ಟಿಯಷ್ಟು ದಪ್ಪದ ರಬ್ಬರು. ನೋಡಲು ಏನೂ ಆಗಿರಲಿಲ್ಲ. ಮೇಲೆ ನಿಂತಿದ್ದ ಬಾವಾನಿಗೆ ಗೋಣಿಗಳನ್ನು ಮತ್ತೆ ಹಾಕಿಸಲು ಹೇಳಿದಳು. ನಾಲ್ಕನೆಯ ಗೋಣಿ ಬೀಳುತ್ತಿದ್ದಂತೆ ಗಾಡಿಯ ಹಿಂಭಾಗ ತಗ್ಗಿತು, ಶಾಫ್ಟಿನ ಓರೆ ಬದಲಾಯಿತು, ರಬ್ಬರು ಕೆಳಗಡೆಯಿಂದ ಮೆಲ್ಲಗೆ ಬಾಯಿ ಬಿಟ್ಟಿತು. ಅರ್ಧ ಸುತ್ತು ಹರಿದಿತ್ತು. ಖಾಲಿ ಇರುವಾಗ ಹರಿದ ಎರಡು ಅಂಚು ಒಂದಕ್ಕೊಂದು ಅಂಟಿ ಕೂರುತ್ತಿದ್ದವು.

ಬೆರಳು ತೂರಿಸಿದಳು. ಹೊಸದಾಗಿ ಹರಿದದ್ದಾದರೆ ಒಳಗೆ ಕಪ್ಪಾಗಿ, ಮೆತ್ತಗೆ, ಸ್ವಲ್ಪ ಒರಟಾಗಿ ಇರುತ್ತದೆ. ಇದರ ಅಂಚುಗಳು ತಿಕ್ಕಿ ತಿಕ್ಕಿ ನುಣುಪಾಗಿ ಹೊಳೆಯುತ್ತಿದ್ದವು. ಸಂದಿಯಲ್ಲಿ ಕೆಸರು ಸೇರಿ ಒಣಗಿ ಕಲ್ಲಾಗಿತ್ತು. ಕೆಸರು ಮಳೆಗಾಲದ್ದು. ಈಗ ರಸ್ತೆಯಲ್ಲಿ ಇರುವುದು ಧೂಳು ಮಾತ್ರ.

ಮೂಸಬ್ಬ ಬಿದ್ದದ್ದು ಮಳೆ ಬಿಟ್ಟ ಮೇಲೆ.

ಅವಳು ಗುಂಡಿಯಿಂದ ಹತ್ತಿ ಬಂದು ಮೆಟ್ಟಿಲಿನ ಮೇಲೆ ಕೂತಳು. ಬಾವಾ ಅವಳ ಮುಖ ನೋಡಿದ.

"ಹಳೆಯದಾ?"

"ಹೌದು."

ಬಾವಾ ಟೊಪ್ಪಿ ತೆಗೆದು ತಲೆ ತುರಿಸಿಕೊಂಡು ಪುನಃ ಇಟ್ಟ. ಈ ಸಲ ಅವನ ಮಾತಿನಲ್ಲಿ ತಮಾಷೆ ಇರಲಿಲ್ಲ. "ಶಶಿಯಕ್ಕ, ನಾನೊಂದು ಹೇಳ್ತೇನೆ. ಹೊಸತು ಅಂತ ಹೇಳಿ. ಮೂಸಬ್ಬ ನಮ್ಮವನೇ. ಅವನ ಮಯ್ಯತ್ತಿಗೆ ಹೆಗಲು ಕೊಟ್ಟವ ನಾನು. ಹೋದವ ಬರುದಿಲ್ಲ. ಇವ ಇದ್ದಾನಲ್ಲ, ಇವನನ್ನು ನೀವೊಂದು ಮಾತಿನಲ್ಲಿ ಉಳಿಸಬಹುದು."

ಬಾವಾ ಹೇಳಿದ್ದು ಸುಳ್ಳು ಎಂದು ಅವಳಿಗೆ ಅನಿಸಲಿಲ್ಲ. ಒಂದು ಮಾತು. ಮೊನ್ನೆ ಮೊನ್ನೆ ಹರಿದದ್ದು, ನಿಮ್ಮದೇನೂ ಇಲ್ಲ. ಅವನು ನಗುತ್ತಾನೆ, ಈ ಸಲ ಕಣ್ಣಿನವರೆಗೂ. ಆಮೇಲೆ ಬೊಂಡ, ಆಮೇಲೆ ಫೋನು, ಆಮೇಲೆ ಅಮ್ಮನನ್ನು ಒಪ್ಪಿಸುವ ದಾರಿ. ಹಳೆಯ ರಬ್ಬರನ್ನು ಕಸಕ್ಕೆ ಎಸೆದರೆ ಲೋಕದಲ್ಲಿ ಇನ್ನು ಯಾರಿಗೂ ತಿಳಿಯುವುದಿಲ್ಲ.

ಲೋಕನಾಥ ಬರುವಾಗ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅದನ್ನು ನೋಡಿ ಅವಳು ಗ್ರೀಸು ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

"ಸಿಕ್ಕಿತಂತೆ?"

ಬಿಚ್ಚಿ ತೆಗೆದಿದ್ದ ರಬ್ಬರನ್ನು ಅವನ ಕೈಯಲ್ಲಿಟ್ಟಳು. ಅವನು ತಿರುಗಿಸಿ ನೋಡಿದ. "ಯಾವಾಗಿನದ್ದು?"

ಬಾವಾ ತನ್ನ ಅಂಗಡಿಯ ಕಡೆಗೆ ನಡೆದ. ರಸ್ತೆಯಲ್ಲಿ ಬೆಳ್ತಂಗಡಿಯ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು. ಅದು ದೂರವಾಗುವ ತನಕ ಅವಳು ಕಾದಳು.

"ಹಳೆಯದು," ಅಂದಳು. "ಮಳೆಗಾಲದ್ದೇ. ಆ ದಿನವೂ ಹರಿದಿತ್ತು."

"ನಡುಗಿದ್ದು ಹೌದು ಹಾಗಾದರೆ."

"ಹೌದು. ಅದರಿಂದಲೇ ಅವರು ಹೋದದ್ದಾ ಅಂತ ನನಗೆ ಗೊತ್ತಿಲ್ಲ. ಅದು ಡಾಕ್ಟರಿಗೂ ಗೊತ್ತಿರಲಿಕ್ಕಿಲ್ಲ. ಗಾಡಿ ನಡುಗಿದ್ದು ಮಾತ್ರ ಹೌದು."

ಅವನು ತಲೆಯಾಡಿಸಿದ. ರಬ್ಬರನ್ನು ಬೆಂಚಿನ ಮೇಲೆ, ಒಡೆಯುವ ವಸ್ತುವಿನ ಹಾಗೆ ಇಟ್ಟ. "ಉಪಕಾರ ಆಯ್ತು ಮೇಡಂ," ಎಂದು ಹೇಳಿ, ಬಂದ ದಾರಿಯಲ್ಲಿ ನಡೆದುಕೊಂಡು ಹೋದ. ಇಸ್ತ್ರಿಯ ಗೆರೆ ಬೆನ್ನಿನ ಮೇಲೆ ನೇರವಾಗಿ ಇತ್ತು.

ರಿಪೇರಿಯಾದ ಗಾಡಿಯನ್ನು ಒಯ್ಯಲು ಬೇರೊಬ್ಬ ಡ್ರೈವರ್ ಬಂದ. ಸಂಘದ ಸೆಕ್ರೆಟರಿ ಕುಶಾಲಪ್ಪನೂ ಜೊತೆಗಿದ್ದ. "ಈ ವಿಷಯ ಹೊರಗೆ ಬೇಡ ಆಯ್ತಾ," ಎಂದು ನಯವಾಗಿ ಹೇಳಿದ. "ಲೋಕಣ್ಣ ಈಗ ರಜೆಯಲ್ಲಿದ್ದಾನೆ, ಅವನಿಗೂ ಹೇಳಿದ್ದೇವೆ. ಸುಮ್ಮನಿದ್ರೆ ಕೆಲಸ ಇರ್ತದೆ. ಸರಿಯಾದ ಗಾಡಿ, ಸರಿಯಾದ ಸಂಬಳ. ಇನ್ನೆಂತ ಬೇಕು?"

ಶಶಿಪ್ರಭಾ ಕೀಲಿ ಕೊಟ್ಟಳು, ಮಾತು ಕೊಡಲಿಲ್ಲ.

ದಿನಗಳು ಹೋದವು. ಲೋಕನಾಥನ ಫೋನು ಬರಲಿಲ್ಲ. ಸೈರನ್ ಕೇಳಿದಾಗೆಲ್ಲ ಅವಳು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ರಸ್ತೆಗೆ ಬರುತ್ತಿದ್ದಳು. ಸ್ಟಿಯರಿಂಗಿನ ಹಿಂದೆ ಬೇರೆ ಮುಖ ಇರುತ್ತಿತ್ತು. ಬಾವಾ ಕಂಡೂ ಕಾಣದ ಹಾಗಿದ್ದ. ಅಮ್ಮ ಮಾತ್ರ ಅನ್ನ ಬಡಿಸುತ್ತ ಒಮ್ಮೆ, "ಆ ಹಾಸಿಗೆ ಮೇಲೆ ಮಲಗಬೇಡ ಅಂತ ನಾನು ಹೇಳಿದ್ದು ಇದಕ್ಕೇ. ಅದರಿಂದ ಎದ್ದು ಬಂದವರು ಪೂರ್ತಿ ಬರುದಿಲ್ಲ," ಅಂದಳು.

*

ಲೋಕನಾಥ ಬಂದದ್ದು ಒಂದು ಮಧ್ಯಾಹ್ನ. ಮುಖ ಇಳಿದಿತ್ತು, ಗಡ್ಡ ಬಿಟ್ಟಿತ್ತು.

"ಮೂಸಬ್ಬನ ಮನೆಗೆ ಹೋಗ್ಬೇಕು," ಅಂದ. "ಮಗಳಿದ್ದಾಳೆ, ಮಿಸ್ರಿಯಾ. ಆ ದಿನ ಅವಳೇ ಗಾಡಿಯಲ್ಲಿದ್ದದ್ದು. ಗಾಡಿಯ ವಿಷಯ ನಾನೊಬ್ಬನೇ ಹೇಳಿದ್ರೆ, ತಪ್ಪಿಸಿಕೊಳ್ಳಲಿಕ್ಕೆ ಗಾಡಿಯ ಮೇಲೆ ಹಾಕ್ತಾನೆ ಅಂತ ಆಗ್ತದೆ. ನೀವು ಬರ್ತೀರಾ?"

"ಕೆಲಸ ಹೋಗ್ತದೆ ನಿಮ್ಮದು."

"ಹೋಗ್ಲಿ."

ಅವಳು ಶಟರ್ ಎಳೆದಳು.

ಪುಂಜಾಲಕಟ್ಟೆಯಲ್ಲಿ ಬಸ್ಸಿಳಿದು, ಮಸೀದಿಯ ಹಿಂದಿನ ಕಾಲುದಾರಿಯಲ್ಲಿ ನಡೆದರು. ಸಣ್ಣ ಮನೆ. ಊರಿಗೆಲ್ಲ ಶೀಟು ಹಾಕಿದವನ ಮಾಡಿನಲ್ಲಿ ಹಳೆಯ ಹಂಚು. ಮಿಸ್ರಿಯಾ ಜಗಲಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದಳು. ಇಪ್ಪತ್ತು ದಾಟಿರಲಿಕ್ಕಿಲ್ಲ. ಲೋಕನಾಥನನ್ನು ನೋಡಿ ಅವಳ ಬೆರಳು ಒಮ್ಮೆ ತಡೆಯಿತು, ಮತ್ತೆ ಎಲೆ ಸುತ್ತಿತು.

ಅವನು ಕೂರಲಿಲ್ಲ. ಅಂಗಳದಲ್ಲಿ ನಿಂತೇ ಹೇಳಿದ. ನಡುಕ ಮೊದಲೇ ಗೊತ್ತಿತ್ತೆಂದೂ, ಸರಿಯುಂಟು ಅಂದದ್ದನ್ನು ಒಪ್ಪಿಕೊಂಡೆನೆಂದೂ, ಆ ದಿನ ವೇಗ ಇಳಿಸಲಿಲ್ಲವೆಂದೂ ಹೇಳಿದ. ಮಾತನ್ನು ಎಲ್ಲೂ ನಿಲ್ಲಿಸಲಿಲ್ಲ, ಎಲ್ಲೂ ತನಗೆಂದು ಒಂದು ಮೆತ್ತನೆಯ ಶಬ್ದ ಇಟ್ಟುಕೊಳ್ಳಲಿಲ್ಲ. ರಬ್ಬರು ಹಳೆಯದೆಂಬುದನ್ನು ಶಶಿಪ್ರಭಾ ಹೇಳಿದಳು.

ಬೀಡಿ ನಿಂತಿತು.

"ಗಾಡಿ ನಡುಗಿದ್ದಾ ಅದು?" ಅಂದಳು ಮಿಸ್ರಿಯಾ.

"ಹೌದು."

"ಬಾಪನ ಕೈ ನನ್ನ ಕೈಯಲ್ಲಿತ್ತು. ಕೈ ನಡುಗ್ತಾ ಇತ್ತು. ಬಾಪ ಹೆದರಿ ನಡುಗ್ತಾ ಇದ್ದಾರೆ ಅಂತ ನಾನು ತಿಳ್ಕೊಂಡಿದ್ದೆ." ಅವಳು ಮೊರದ ಕಡೆಗೆ ನೋಡಿದಳು. "ಯಾವ ಮಾಡಿಗೂ ಹೆದರದವರು, ಅಷ್ಟು ಹೆದರಿಕೊಂಡು ಹೋದರಲ್ಲ ಅಂತ. ದಿನಾ ಅದೇ ನೆನಪಾಗ್ತಿತ್ತು ನನಗೆ."

ಒಳಗೆ ಎಲ್ಲೋ ಕುಕ್ಕರ್ ಕೂಗಿತು.

"ಹೆದರಿರಲಿಲ್ಲ ಹಾಗಾದರೆ," ಅಂದಳು. ಅವಳ ಕಣ್ಣು ತುಂಬಿತು, ಧ್ವನಿ ಮಾತ್ರ ಗಟ್ಟಿಯಾಯಿತು. "ಹೇಳಿದ್ದು ಒಳ್ಳೆಯದಾಯ್ತು. ನೀವು ಇನ್ನು ಬರಬೇಡಿ. ಕ್ಷಮೆ ಗಿಮೆ ನನ್ನ ಹತ್ತಿರ ಇಲ್ಲ. ನಿಮ್ಮ ಮುಖ ನೋಡಿದ್ರೆ ಆ ದಿನ ಪುನಃ ಸುರುವಾಗ್ತದೆ."

"ಬರುದಿಲ್ಲ," ಅಂದ ಲೋಕನಾಥ.

ಬಸ್‌ಸ್ಟ್ಯಾಂಡಿನವರೆಗೆ ಇಬ್ಬರೂ ನಡೆದರು. ಬಿಸಿಲು ರಸ್ತೆಯ ಮೇಲೆ ಬಿಳಿಯಾಗಿ ಬಿದ್ದಿತ್ತು. ತಂಗುದಾಣದಲ್ಲಿ ಯಾರೂ ಇರಲಿಲ್ಲ. ಅವನು ಕಂಬಕ್ಕೆ ಒರಗಿ ನಿಂತ.

"ಹೊಸತು ಅಂತ ಹೇಳಲಿಕ್ಕೆ ಬಾಯಿಯವರೆಗೆ ಬಂದಿತ್ತು ನನಗೆ," ಅಂದಳು ಶಶಿಪ್ರಭಾ.

"ಹೇಳಿದ್ದರೆ ನಂಬ್ತಿದ್ದೆ."

"ಗೊತ್ತುಂಟು."

"ಮತ್ತೆ ಯಾಕೆ ಹೇಳಲಿಲ್ಲ?"

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಬರೇ ಗಿರಾಕಿ ಆಗಿದ್ರೆ ಹೇಳಿ ಕಳಿಸ್ತಿದ್ದೆನೋ ಏನೋ. ಗಿರಾಕಿ ಅವನ ಮನೆಗೆ ಹೋಗ್ತಾನೆ. ನನಗೆ ನಿಮ್ಮೊಟ್ಟಿಗೆ ಒಂದೇ ಮನೆಯಲ್ಲಿ ಇರುವ ಆಸೆ ಉಂಟು. ಅಷ್ಟು ದೊಡ್ಡ ಸುಳ್ಳನ್ನು ಒಳಗಿಟ್ಟುಕೊಂಡು ದಿನಾ ನಿಮ್ಮ ಎದುರು ಕೂತು ಉಣ್ಣುದು ಹೇಗೆ? ನನ್ನಿಂದ ಆಗ್ತಿರಲಿಲ್ಲ."

ಅವನು ಅವಳನ್ನು ನೋಡಿದ.

"ನಾನು ಮೊದಲಿನ ಹಾಗಿಲ್ಲ ಶಶಿ," ಅಂದ. ಮೇಡಂ ಎಂಬುದು ಎಲ್ಲಿ ಬಿದ್ದುಹೋಯಿತೋ ಅವನಿಗೆ ತಿಳಿಯಲಿಲ್ಲ, ಅವಳಿಗೆ ತಿಳಿಯಿತು. "ಇನ್ನು ಕೆಲಸ ಇಲ್ಲ. ನಿದ್ದೆ ಇಲ್ಲ. ಮಾತಾಡ್ತಾ ಆಡ್ತಾ ಎಲ್ಲಿಗೋ ಹೋಗ್ತೇನೆ. ಈಗ ಆ ಹುಡುಗಿ ಹೇಳಿದ್ದು ಕೂಡ ನನ್ನ ಒಟ್ಟಿಗೇ ಬರ್ತದೆ. ಹೋಗುದಿಲ್ಲ ಅದು."

"ಬರಲಿ."

"ಸುಲಭ ಇಲ್ಲ."

"ಸುಲಭ ಉಂಟು ಅಂತ ನಾನು ಹೇಳಿದೆನಾ?"

ಬಸ್ಸು ಬಂದು ನಿಂತಿತು. ಕಂಡಕ್ಟರ್ ಮೆಟ್ಟಿಲಿನಿಂದ ಬಾಗಿ, "ಬರುದಾ? ಬೇಗ ಬೇಗ!" ಅಂದ. ಶಶಿಪ್ರಭಾ ಇಲ್ಲವೆಂದು ತಲೆಯಾಡಿಸಿದಳು. ಅವನು ಸೀಟಿ ಊದಿದ, ಬಸ್ಸು ಹೋಯಿತು.

ಆಗ ಲೋಕನಾಥನ ಭುಜ ಕುಸಿಯಿತು. ಇಷ್ಟು ದಿನ ಎಲ್ಲಿ ಹಿಡಿದಿಟ್ಟಿದ್ದನೋ, ಕಂಬವನ್ನು ಒಂದು ಕೈಯಲ್ಲಿ ಹಿಡಿದು, ಸದ್ದಿಲ್ಲದೆ ಅತ್ತ. ಎದುರಿನ ಅಂಗಡಿಯವರು ಕತ್ತೆತ್ತಿ ನೋಡತೊಡಗಿದರು. ಶಶಿಪ್ರಭಾ ರಸ್ತೆಗೆ ಬೆನ್ನು ಹಾಕಿ, ಅವನು ಯಾರಿಗೂ ಕಾಣದ ಹಾಗೆ ಅವನೆದುರು ನಿಂತು, ಕಂಬದ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. ಮುಂದಿನ ಬಸ್ಸು ಬಂತು. ಅದನ್ನೂ ಹೋಗಲು ಬಿಟ್ಟಳು.